ರಂಕಲರಾಟೆಗೊಂದು ಅರ್ಜಿ

ಕಳೆದ ತಿಂಗಳು ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿ ಕಾಗದಪತ್ರಗಳನ್ನು ವಿಂಗಡಿಸುವ ಕೆಲಸಕ್ಕೆ ಕೈಹಾಕಿದ್ದೆ. (ಸ್ವಂತ ಇಚ್ಛೆಯಿಂದಲ್ಲ, ಮನೆಯವರ ಒತ್ತಾಯದಿಂದ.) ಸೇವಾಪುಸ್ತಕದ ನಕಲು, ಶಾಲಾ ಪ್ರವಾಸಗಳ ಜಮಾ-ಖರ್ಚಿನ ಚೀಟಿಗಳು, ಶಿಷ್ಯರ ಮದುವೆಯ ಲಗ್ನಪತ್ರಿಕೆಗಳು... ಇವುಗಳ ನಡುವೆ 2021ರ ಆಗಸ್ಟ್ ತಿಂಗಳಿನ ಒಂದು ಅರ್ಜಿಯ ಜೆರಾಕ್ಸ್ ಪ್ರತಿ ಸಿಕ್ಕಿತು. ಕೈಬರಹ ನನ್ನದು, ಸಹಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. 'ವಿಷಯ: ರಂಕಲರಾಟೆ ಹೂಡಲು ಅನುಮತಿ ಕೋರಿ' ಎಂದು ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಅದನ್ನು ಓದುತ್ತಾ ಕುಳಿತವನಿಗೆ ಟ್ರಂಕಿನ ಕೆಲಸ ಮರೆತೇ ಹೋಯಿತು.

ಆ ವಿದ್ಯಾರ್ಥಿಯ ಹೆಸರು ಇಲ್ಲಿ ಬೇಡ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿದ್ದವನು. ಗಣಿತದಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪರೀಕ್ಷೆಗೆ ಕೂರುವ ಬದಲು ಅಪ್ಪನ ಕಸುಬಿಗೆ ಇಳಿದ. ಅವರದು ಜಾತ್ರೆಗಳಲ್ಲಿ ರಾಟೆ ಹೂಡುವ ಕಸುಬು. ಅಪ್ಪನ ಕಾಲದಲ್ಲಿ ನಾಲ್ಕು ತೊಟ್ಟಿಲುಗಳ ಮರದ ರಾಟೆ, ಕೈಯಿಂದಲೇ ತಿರುಗಿಸುವುದು. ಇವನ ಕಾಲಕ್ಕೆ ಅದು ಕಬ್ಬಿಣದ್ದಾಗಿ, ಡೀಸೆಲ್ ಎಂಜಿನ್ ಬಂತು. ಮಾದಪ್ಪನ ಬೆಟ್ಟದ ಶಿವರಾತ್ರಿ, ಯುಗಾದಿ, ದೀಪಾವಳಿ, ಚಿಕ್ಕಲ್ಲೂರಿನ ಚಂದ್ರಮಂಡಲ, ಬಿಳಿಗಿರಿರಂಗನ ತೇರು, ಇವುಗಳ ಸಂದಿಯಲ್ಲಿ ಹನೂರು, ಯಳಂದೂರು ಸುತ್ತಿನ ಊರಹಬ್ಬಗಳು. ಹೀಗೆ ವರ್ಷದ ಪಂಚಾಂಗವೇ ಅವನ ಲೆಕ್ಕದ ಪುಸ್ತಕ. ಬೆಂಡು-ಬತ್ತಾಸಿನ ಅಂಗಡಿ, ಬಲೂನಿಗೆ ಗುರಿ ಇಟ್ಟು ಹೊಡೆಯುವ ಕೋವಿ, ರಾಟೆ, ಇವಿಷ್ಟು ಇಲ್ಲದೆ ನಮ್ಮ ಸೀಮೆಯ ಮಕ್ಕಳಿಗೆ ಜಾತ್ರೆಯೇ ಇಲ್ಲ.

2021ರ ಆಗಸ್ಟಿನಲ್ಲಿ ಅವನು ನಮ್ಮ ಮನೆಯ ಜಗಲಿಗೆ ಬಂದು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ (ನಾನು ಗದರಿದ ಮೇಲೆ ಮೇಲೇರಿಸಿ) ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ.

"ಸಾ, ದೊಡ್ಡ ದೊಡ್ಡ ಪಾರ್ಕ್ನೆಲ್ಲಾ ತಗುದ್ಬುಟ್ರಂತ. ನಂದೂ ಅದೇ ತಾನೇ ಸಾ? ಅದು ದೊಡ್ದು, ಇದು ಚಿಕ್ದು. ಒಂದ್ ಅರ್ಜಿ ಬರ್ಕೊಡಿ."

ಅವನು ಹೇಳಿದ್ದು ಸತ್ಯವಾಗಿತ್ತು. ದೂರದಲ್ಲಿರುವ ಬಂಧುಗಳಿಗೆ ಆ ದಿನಗಳ ಕ್ರಮ ಮರೆತಿರಬಹುದು, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ ಬೆನ್ನಿಗೇ ನಮ್ಮ ರಾಜ್ಯದಲ್ಲಿ ಸಿನಿಮಾ ಮಂದಿರ, ಮಾಲು, ಜಾತ್ರೆ, ವಸ್ತುಪ್ರದರ್ಶನ ಎಲ್ಲವೂ ಮುಚ್ಚಿದವು. ಶಾಲೆಗಳೂ ಮುಚ್ಚಿದವು. ನಮ್ಮ ಚಾಮರಾಜನಗರ ಜಿಲ್ಲೆ ಜೂನ್‌ವರೆಗೂ ಒಂದೂ ಪ್ರಕರಣವಿಲ್ಲದೆ ಹಸಿರು ವಲಯವಾಗಿ ಉಳಿದಿತ್ತು. ಮಾದಪ್ಪ ಕಾಯುತ್ತಿದ್ದಾನೆ ಎಂದು ಜನ ಹೇಳಿಕೊಂಡರು. ಆದರೆ ಒಂದೂ ಪ್ರಕರಣವಿಲ್ಲದ ಜಿಲ್ಲೆಯ ಶಾಲೆಗೂ ಬೆಂಗಳೂರಿನ ಶಾಲೆಗೂ ಬೀಗ ಒಂದೇ ಆಗಿತ್ತು. 2020ರ ಸೆಪ್ಟೆಂಬರ್ 30ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶದಲ್ಲಿ ಅಕ್ಟೋಬರ್ 15ರಿಂದ ಮನೋರಂಜನಾ ಪಾರ್ಕುಗಳನ್ನು ತೆರೆಯಬಹುದೆಂದಾಯಿತು. ಶಾಲೆಗಳ ವಿಚಾರವನ್ನು ರಾಜ್ಯಗಳ ತೀರ್ಮಾನಕ್ಕೆ ಬಿಡಲಾಯಿತು. ಬಿಡದಿಯ ವಂಡರ್‌ಲಾ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿತು. ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಾಗಿ ಒಂದೇ ದಿನದಲ್ಲಿ 24 ಜನ ತೀರಿಕೊಂಡ ಸುದ್ದಿ ನಮ್ಮೆಲ್ಲರ ಎದೆಯ ಮೇಲೆ ಕಲ್ಲಿಟ್ಟಂತಾಗಿತ್ತು. ಅದಾದ ಮೂರು ತಿಂಗಳೊಳಗೆ, ಜುಲೈ 25ರಿಂದ, ರಾಜ್ಯ ಸರ್ಕಾರ ಮನೋರಂಜನಾ ಪಾರ್ಕುಗಳಿಗೆ ಮತ್ತೆ ಅನುಮತಿ ಕೊಟ್ಟಿತು. ನೀರಿನ ಆಟಗಳು ಮಾತ್ರ ಬೇಡವೆಂದಿತು. ಅದೇ ಆದೇಶದಲ್ಲಿ ದೇವಸ್ಥಾನಗಳು ತೆರೆಯಬಹುದು, ಆದರೆ ಜಾತ್ರೆ, ಉತ್ಸವ, ಮೆರವಣಿಗೆ ಕೂಡದು ಎಂದೂ ಇತ್ತು.

ಅರ್ಜಿ ಬರೆದುಕೊಡುವುದು ನಿವೃತ್ತ ಮೇಷ್ಟರ ಪಾಲಿಗೆ ಬಂದ ಊರಿನ ಊಳಿಗ. ಕೂತು ಬರೆದೆ. 'ಮನೋರಂಜನಾ ಪಾರ್ಕುಗಳು ಹಾಗೂ ಅಂತಹ ಸ್ಥಳಗಳು' ಎಂದು ಆದೇಶದಲ್ಲಿದ್ದುದನ್ನು ಹಿಡಿದುಕೊಂಡೆ. 'ಅಂತಹ' ಎಂಬ ಪದದೊಳಗೆ ರಾಟೆ ಏಕೆ ಬರಬಾರದು ಎಂದು ಒಬ್ಬ ಭಾಷಾ ಮೇಷ್ಟ್ರಿಗೆ ಸಾಧ್ಯವಾದಷ್ಟು ವಾದಿಸಿದೆ. ರಾಟೆ ತೆರೆದ ಬಯಲಿನಲ್ಲಿ ತಿರುಗುತ್ತದೆ, ಗಾಳಿಗೆ ತಡೆಯಿಲ್ಲ. ಒಂದು ತೊಟ್ಟಿಲಿಗೆ ಒಂದೇ ಮನೆಯವರನ್ನು ಕೂರಿಸುತ್ತೇವೆ. ಪ್ರತಿ ಸುತ್ತಿಗೂ ಕಂಬಿಗಳನ್ನು ಒರೆಸುತ್ತೇವೆ. ಈಗ ಓದಿದರೆ ಅದೇನೂ ಕೆಟ್ಟ ಅರ್ಜಿಯಲ್ಲ. ಆದರೆ ಫಲವೇನೂ ಆಗಲಿಲ್ಲ. ಕೊಟ್ಟ ಕಚೇರಿಯಲ್ಲಿ ಒಬ್ಬರು, "ಜಾತ್ರೆಯೇ ಇಲ್ಲ, ರಾಟೆ ಯಾತಕ್ಕೆ?" ಎಂದರಂತೆ.

ನಿಜ ಹೇಳಬೇಕೆಂದರೆ ಹಾಗೆಂದವರ ಮಾತಿನಲ್ಲಿ ತಪ್ಪಿರಲಿಲ್ಲ. ರಾಟೆಯಿಂದ ಯಾರಿಗೂ ರೋಗ ಬರುವುದಿಲ್ಲ. ರಾಟೆಯ ಬುಡಕ್ಕೆ ಬರುವ ದಾರಿಯಲ್ಲಿ ಬರುತ್ತದೆ. ಒಂದೊಂದು ಟೆಂಪೋದಲ್ಲಿ ಮೂವತ್ತು ಜನ, ದಾಸೋಹದ ಸಾಲು, ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತ ಊಟ. ಜಾತ್ರೆಯ ಸೊಗಸೆಲ್ಲ ಅಂತರವಿಲ್ಲದಿರುವುದರಲ್ಲಿ ಇದೆ. ಅದಕ್ಕೆ ಕಾಂಪೌಂಡಿಲ್ಲ, ಗೇಟಿಲ್ಲ, ಎಷ್ಟು ಜನ ಬಂದರೆಂದು ಎಣಿಸುವ ಬಗೆಯಿಲ್ಲ. ಪಾರ್ಕಿನಲ್ಲಿ ಟಿಕೆಟ್ಟಿದೆ, ಎಣಿಕೆಯಿದೆ, ಆಸನಗಳ ನಡುವೆ ಖಾಲಿ ಬಿಡಿಸುವ ಸಿಬ್ಬಂದಿಯಿದ್ದಾರೆ. ಶಾಂಘೈನ ಡಿಸ್ನಿಲ್ಯಾಂಡ್ 2020ರ ಮೇ 11ರಂದು ಮತ್ತೆ ತೆರೆದಾಗ, ಸಾಮಾನ್ಯವಾಗಿ 80,000 ಜನ ಹಿಡಿಸುವ ಕಡೆ ದಿನಕ್ಕೆ 24,000ದ ಮಿತಿ ಹಾಕಲಾಗಿತ್ತು. ಜಪಾನಿನ ಪಾರ್ಕುಗಳಲ್ಲಂತೂ ರೋಲರ್ ಕೋಸ್ಟರ್ ಮೇಲೆ ಕುಳಿತವರು ಬಾಯಿಬಿಟ್ಟು ಚೀರಬಾರದು, ಮನಸ್ಸಿನೊಳಗೇ ಚೀರಿಕೊಳ್ಳಬೇಕು ಎಂದು ಕೇಳಿಕೊಂಡಿದ್ದರು! ಎಂಜಲ ಹನಿ ಹಾರದಿರಲೆಂದು. ನಗು ಬರುತ್ತದೆ, ಆದರೆ ಯೋಚಿಸಿ ಮಾಡಿದ ನಿಯಮ. ಎಣಿಕೆಯೊಂದೇ ಸಾಲದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಇದೆ. ಅಲ್ಲಿನ ಡಿಸ್ನಿ ಪಾರ್ಕು 2020ರ ಜುಲೈ 11ರಂದು ತೆರೆಯಿತು. ಮರುದಿನ ಆ ರಾಜ್ಯದಲ್ಲಿ ವರದಿಯಾದ ಹೊಸ ಪ್ರಕರಣಗಳು 15,000ಕ್ಕೂ ಹೆಚ್ಚು. ಅದು ಪಾರ್ಕಿನಿಂದ ಬಂದದ್ದಲ್ಲ, ಅದಕ್ಕೂ ಮೊದಲೇ ಊರೆಲ್ಲ ಹಬ್ಬಿದ್ದದ್ದು. ಆದರೆ ಅಂಥ ಹೊತ್ತಿನಲ್ಲಿ ಬಾಗಿಲು ತೆರೆಯುವ ಅವಸರವೇನಿತ್ತು ಎಂಬ ಪ್ರಶ್ನೆ ಉಳಿಯುತ್ತದೆ.

ಪಾರ್ಕುಗಳ ಮೇಲೆ ನನಗೆ ಹಗೆಯಿಲ್ಲ. ನಾನೇ ಮಕ್ಕಳನ್ನು ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೂ ಬಿಡದಿಗೂ ಕರೆದುಕೊಂಡು ಹೋದವನು. ಟ್ರಂಕಿನಲ್ಲಿ ಸಿಕ್ಕ ಪ್ರವಾಸದ ಚೀಟಿಗಳು ಅವೇ. ಡಿಸೆಂಬರಿನ ನಸುಕಿನಲ್ಲಿ ಕೊಳ್ಳೇಗಾಲ ಬಿಟ್ಟು, ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿ, ಅರ್ಧ ದಾರಿಯಲ್ಲಿ ನಾಲ್ವರು ವಾಂತಿ ಮಾಡಿಕೊಂಡು... ನೀವೆಲ್ಲ ಬಲ್ಲಿರಿ. ಆದರೆ ಆ ಚೀಟಿಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ತರಗತಿಯಲ್ಲಿ ಐವತ್ತು ಹೆಸರಿದ್ದರೆ ಪ್ರವಾಸದ ಪಟ್ಟಿಯಲ್ಲಿ ಇಪ್ಪತ್ತೆಂಟು. ಉಳಿದ ಇಪ್ಪತ್ತೆರಡು ಮಕ್ಕಳಿಗೆ ಆಕಾಶದಿಂದ ಊರು ನೋಡುವ ಅವಕಾಶವೆಂದರೆ ಅದು ಜಾತ್ರೆಯ ರಾಟೆಯೇ. ಪಾರ್ಕಿನ ಯಂತ್ರ ನಿಲ್ಲಿಸುವ, ಊಟದ ತಟ್ಟೆ ಎತ್ತುವ, ಕಸ ಗುಡಿಸುವ ಕೆಲಸದಲ್ಲಿಯೂ ನಮ್ಮಂಥ ಊರುಗಳ ಹುಡುಗರೇ ಇದ್ದಾರೆ. ಎಂಟು ತಿಂಗಳು ಗೇಟು ಮುಚ್ಚಿದರೆ ಅವರು ಏನು ತಿನ್ನಬೇಕು? ಆದ್ದರಿಂದ ಪಾರ್ಕು ತೆರೆದದ್ದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಅದು ಯಾವುದಕ್ಕಿಂತ ಮೊದಲು ತೆರೆಯಿತು ಎಂಬುದೇ ನನ್ನ ತಕರಾರು.

ಅಂದು ಅವನ ಜೊತೆ ಮಗಳೂ ಬಂದಿದ್ದಳು. ಎಂಟು ವರ್ಷದ ಹುಡುಗಿ. ನಾನು ಅರ್ಜಿ ಬರೆಯುತ್ತಿದ್ದಷ್ಟು ಹೊತ್ತೂ ಜಗಲಿಯ ಕಂಬ ಹಿಡಿದು ಸುತ್ತುತ್ತಿದ್ದಳು. ಮೇಷ್ಟರ ಚಾಳಿ ಬಿಡುತ್ತದೆಯೇ? ಎಷ್ಟನೆಯ ತರಗತಿ ಎಂದು ಕೇಳಿದೆ. ಉತ್ತರ ಅಪ್ಪನಿಂದ ಬಂತು: "ಮೂರ್ನೇ ಕ್ಲಾಸು ಸಾ. ಎರಡ್ನೇ ಕ್ಲಾಸ್ಗ ಹೋಗೇ ಇಲ್ಲ, ಆದ್ರೂ ಪಾಸು." ಪಕ್ಕದಲ್ಲಿದ್ದ ದಿನಪತ್ರಿಕೆಯ ದಪ್ಪ ತಲೆಬರಹವನ್ನು ತೋರಿಸಿ ಓದಮ್ಮ ಎಂದೆ. 'ಸ'ವನ್ನು ಗುರುತಿಸಿದಳು. 'ರ್ಕಾ' ಬಂದಾಗ ನಿಂತಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಮತ್ತೆ ಕಂಬ ಹಿಡಿದು ಸುತ್ತಲಾರಂಭಿಸಿದಳು.

ಒಂದನೆಯ ತರಗತಿಯ ಕೊನೆಯಲ್ಲಿ, 2020ರ ಮಾರ್ಚ್‌ನಲ್ಲಿ, ಅವಳ ಶಾಲೆ ಮುಚ್ಚಿತ್ತು. ನಲಿ-ಕಲಿಯ ಕಾರ್ಡುಗಳನ್ನು ಹರಡಿಕೊಂಡು, ಗುಂಪಿನಲ್ಲಿ ಕುಳಿತು, ಪಕ್ಕದವಳ ಕೈಯಿಂದ ಕಸಿದುಕೊಂಡು ಕಲಿಯುವ ವಯಸ್ಸು ಅದು. ಹೈಸ್ಕೂಲಿನ ಹುಡುಗನಿಗೆ ಪುಸ್ತಕ ಕೊಟ್ಟರೆ ಅಷ್ಟಿಷ್ಟಾದರೂ ತಾನೇ ಓದಿಕೊಂಡಾನು. ಅಕ್ಷರ ಕೂಡಿಸಲು ಕಲಿಯುತ್ತಿರುವ ಮಗುವಿಗೆ ಟೀಚರ್ ಇಲ್ಲದಿದ್ದರೆ ಏನೂ ಇಲ್ಲ. ಚಂದನ ವಾಹಿನಿಯಲ್ಲಿ ಪಾಠ ಬಂತು, ಮೊಬೈಲಿನಲ್ಲಿ ಪಾಠ ಬಂತು ಎಂದು ನಗರದವರು ಹೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಆಚೀಚಿನ ಇಂಡಿಗನತ್ತ, ತುಳಸಿಕೆರೆಗಳಿಗೆ ಸರಿಯಾದ ರಸ್ತೆಯೇ ಇಲ್ಲದಿದ್ದ ಕಾಲದಲ್ಲಿ ಆ ಮಾತು ಹನೂರಿನ ಕಾಡಂಚಿನವರಿಗೆ ಎಷ್ಟು ಅರ್ಥವಾದೀತು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಎರಡರಿಂದ ಆರನೆಯ ತರಗತಿಯ ಆ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಮರೆತಿದ್ದರು. ಹೊಸದು ಕಲಿಯದಿರುವುದು ಒಂದು ನಷ್ಟ, ಕಲಿತದ್ದೇ ಅಳಿಸಿಹೋಗುವುದು ಇನ್ನೊಂದು.

ಈಗ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರ ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಅಂದರೆ ಶಾಲೆಯ ಕೊಠಡಿಗಳಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಅಂತರವಿಟ್ಟು ಕೂರಿಸಲು ನಮಗೆ ಬರುತ್ತಿತ್ತು. ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಡಾ. ಬಲರಾಮ್ ಭಾರ್ಗವ ಅವರು, ಶಾಲೆಗಳನ್ನು ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ವಿವೇಕ, ಚಿಕ್ಕ ಮಕ್ಕಳು ಈ ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ, ಶಿಕ್ಷಕರಿಗೆ ಮತ್ತು ಸಿಬ್ಬಂದಿಗೆ ಲಸಿಕೆ ಹಾಕಿಸಿರಬೇಕು ಎಂಬ ಅರ್ಥದ ಮಾತನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಜುಲೈ 25ರಿಂದ ನಮ್ಮಲ್ಲಿ ತೆರೆದದ್ದು ಪಾರ್ಕು. ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನ ತರಗತಿಗಳು, ಅದೂ ಸೋಂಕು ಕಡಿಮೆಯಿದ್ದ ಜಿಲ್ಲೆಗಳಲ್ಲಿ ಮಾತ್ರ. ಸೆಪ್ಟೆಂಬರ್ 6ರಂದು ಆರರಿಂದ ಎಂಟು. ಒಂದರಿಂದ ಐದನೆಯ ತರಗತಿಯ ಪುಟ್ಟ ಮಕ್ಕಳಿಗೆ ಬಾಗಿಲು ತೆರೆದದ್ದು ಅಕ್ಟೋಬರ್ 25ರಂದು. ಪಾರ್ಕಿನ ನಂತರ ಸರಿಯಾಗಿ ಮೂರು ತಿಂಗಳಿಗೆ, ಶಾಲೆ ಮುಚ್ಚಿ ಹತ್ತೊಂಬತ್ತು ತಿಂಗಳು ದಾಟಿದ ಮೇಲೆ. ತಜ್ಞರು ಯಾರನ್ನು ಮೊದಲು ಎಂದಿದ್ದರೋ ಅವರು ಕಟ್ಟಕಡೆಗೆ ಬಂದರು.

ಪಾರ್ಕಿಗೆ ಗೇಟಿದೆ, ಎಣಿಕೆಯಿದೆ ಎಂದೆನಲ್ಲ. ಶಾಲೆಗೆ ಇಲ್ಲವೇ? ಪಾರ್ಕಿಗೆ ಬರುವವನು ಯಾರೆಂದು ಯಾರಿಗೂ ಗೊತ್ತಿಲ್ಲ, ಸಂಜೆ ಎಲ್ಲಿಗೆ ಹೋದನೆಂದೂ ತಿಳಿಯದು. ಶಾಲೆಯಲ್ಲಿ ಹಾಜರಿ ಪುಸ್ತಕವಿದೆ. ಯಾವ ಮಗು ಯಾವ ಮನೆಯದು, ಇಂದು ಏಕೆ ಬರಲಿಲ್ಲ, ಅದರ ಅಜ್ಜಿಗೆ ಜ್ವರವೇ, ಎಲ್ಲವೂ ಮಧ್ಯಾಹ್ನದ ಬಿಸಿಯೂಟದೊಳಗೆ ಟೀಚರಿಗೆ ತಿಳಿದಿರುತ್ತದೆ. ರೋಗ ಯಾವ ಬೀದಿಯಲ್ಲಿ ಹರಡುತ್ತಿದೆಯೆಂದು ತಿಳಿಯಲು ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿಲ್ಲ. ಡೆನ್ಮಾರ್ಕ್ ದೇಶದಲ್ಲಿ 2020ರ ಏಪ್ರಿಲ್ 15ರಂದೇ ಸಣ್ಣ ತರಗತಿಗಳನ್ನು ತೆರೆದರು. ಅಲ್ಲಿಯ ಟಿವೊಲಿ ಉದ್ಯಾನ, 1843ರಿಂದ ಇರುವ ಮನೋರಂಜನಾ ಪಾರ್ಕು, ಜೂನ್‌ವರೆಗೆ ಕಾಯಿತು. ಅದು ಚಿಕ್ಕ ದೇಶ, ಶ್ರೀಮಂತ ದೇಶ, ನಮ್ಮಂತೆ ಒಂದೇ ಕೊಠಡಿಯಲ್ಲಿ ಮೂರು ತರಗತಿಗಳಿಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಯಾರು ಮೊದಲು ಎಂದು ಗೊತ್ತುಮಾಡಲು ಶ್ರೀಮಂತಿಕೆ ಬೇಕಿಲ್ಲ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಮರದ ನೆರಳಿಗಂತೂ ಬಡತನವಿಲ್ಲ.

ಸರ್ಕಾರವನ್ನು ಮಾತ್ರ ಬೈದು ಕೈತೊಳೆದುಕೊಂಡರೆ ಈ ಬರಹ ಅಪ್ರಾಮಾಣಿಕವಾದೀತು. ನನ್ನ ತಂಗಿಯ ಮಗಳು ಯಳಂದೂರು ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. (ಅವಳು ಇದನ್ನು ಓದುತ್ತಾಳೆ, ಆದ್ದರಿಂದ ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು.) 2020ರ ಆಗಸ್ಟಿನಲ್ಲಿ ವಿದ್ಯಾಗಮ ಆರಂಭವಾದಾಗ ಅವಳು ಊರಿನ ಜಗಲಿಗಳ ಮೇಲೆ, ಅರಳಿಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ನಾನು ಫೋನು ಮಾಡಿ, "ನಿನಗೇಕಮ್ಮ ಈ ಸಾಹಸ? ಮನೆಯಲ್ಲಿ ಅತ್ತೆ-ಮಾವ ಇದ್ದಾರೆ, ರಜೆ ಹಾಕು" ಎಂದೆ. "ಮಾವ, ಮಕ್ಕಳು ನನ್ನ ಕಂಡ್ರೆ ಓಡಿಬರ್ತವೆ, ಹೇಗೆ ಬಿಡಲಿ?" ಎಂದಳು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮವನ್ನು ನಿಲ್ಲಿಸಿದಾಗ ನಾನು ನಿಟ್ಟುಸಿರು ಬಿಟ್ಟೆ. ಆ ಹೊತ್ತಿಗೇ ಪಾರ್ಕುಗಳಿಗೆ ಅನುಮತಿ ಸಿಕ್ಕಿದ ಸುದ್ದಿ ಪತ್ರಿಕೆಯಲ್ಲಿತ್ತು. ಎರಡನ್ನೂ ಓದಿ, ಎರಡನ್ನೂ ಸೇರಿಸಿ ಯೋಚಿಸದೆ ಮಡಿಸಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು, ಬಿ.ಎಡ್. ಮಾಡಿದವನು!

ಭಯ ಸುಳ್ಳಾಗಿರಲಿಲ್ಲ. ಎರಡನೆಯ ಅಲೆಯಲ್ಲಿ ನಮ್ಮ ವೃತ್ತಿಯವರು ಅನೇಕರು ಹೋದರು. ನನ್ನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತವರು ಇಬ್ಬರು ಅವರಲ್ಲಿದ್ದಾರೆ, ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ಮೂರನೆಯ ಅಲೆ ಮಕ್ಕಳನ್ನೇ ಹಿಡಿಯುತ್ತದೆ ಎಂಬ ಮಾತು ಮನೆಮನೆಯಲ್ಲಿತ್ತು. ಹಾಗಿರುವಾಗ ಶಾಲೆಗೆ ಕಳಿಸಿ ಎಂದು ಯಾವ ತಾಯಿಗೆ ಹೇಳುವುದು? ಆದರೆ ಅದೇ ಮಕ್ಕಳು ಮದುವೆಮನೆಯಲ್ಲಿದ್ದರು, ರಾಗಿ ಹೊಲದಲ್ಲಿದ್ದರು, ಸಂತೆಯಲ್ಲಿ ಅಪ್ಪನ ಪಕ್ಕ ತಕ್ಕಡಿ ಹಿಡಿದಿದ್ದರು. ಕಳಿಸದೆ ಉಳಿದದ್ದು ಶಾಲೆಗೆ ಮಾತ್ರ.

ಪಾರ್ಕಿನವರಿಗೆ ಸಂಘವಿದೆ, ಲೆಕ್ಕ ಇಡುವವರಿದ್ದಾರೆ, ಅವರು ಕೇಳಿದರು, ಕೇಳುವುದು ತಪ್ಪಲ್ಲ. ಖಾಸಗಿ ಶಾಲೆಗಳ ಸಂಘಗಳೂ ಕೇಳಿದವು, ಜನ ಅದನ್ನು ಶುಲ್ಕದ ಮಾತೆಂದೇ ತಿಳಿದರು. ಜಾತ್ರೆಯ ರಾಟೆಯವನೂ ಮೇಷ್ಟರ ಮನೆ ಹುಡುಕಿಕೊಂಡು ಬಂದ. ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಬಾಗಿಲು ತೆರೆಸಲು ಅರ್ಜಿ ಬರೆದುಕೊಡಿ ಎಂದು ಆ ಹತ್ತೊಂಬತ್ತು ತಿಂಗಳಲ್ಲಿ ಒಬ್ಬನೇ ಒಬ್ಬ ತಂದೆ ನನ್ನ ಜಗಲಿ ಹತ್ತಲಿಲ್ಲ. ಯಾರೂ ಕೇಳದೆ ನಾನಾಗಿ ಬರೆಯಬಹುದಿತ್ತು. ಓದಲಾರದ ಹುಡುಗಿ ಎದುರಿಗೇ ಇದ್ದಳು, ಪೆನ್ನು ಕೈಯಲ್ಲಿತ್ತು, ಬಿಳಿ ಹಾಳೆಗಳು ಇನ್ನೂ ನಾಲ್ಕು ಉಳಿದಿದ್ದವು. ರಾಟೆಗೆ ಒಂದೂವರೆ ಪುಟ ಬರೆದ ನಾನು ಅವಳಿಗಾಗಿ ಒಂದು ಸಾಲನ್ನೂ ಬರೆಯಲಿಲ್ಲ. ಆ ಜೆರಾಕ್ಸ್ ಪ್ರತಿಯನ್ನು ಓದಿ ನಾನು ಸುಮ್ಮನೆ ಕುಳಿತುಬಿಟ್ಟದ್ದು ಇದಕ್ಕೇ.

ಇಂಥ ಕಾಯಿಲೆ ನಮ್ಮ ಆಯುಷ್ಯದಲ್ಲಿ ಮತ್ತೊಮ್ಮೆ ಬಾರದಿರಲಿ. ಬಂದರೆ, ನಿಮ್ಮಲ್ಲಿ ಈಗ ಅಧಿಕಾರಿಗಳಾಗಿರುವವರು, ಶಿಕ್ಷಕರಾಗಿರುವವರು, ಎಸ್.ಡಿ.ಎಂ.ಸಿ.ಗಳಲ್ಲಿರುವವರು ಅನೇಕರಿದ್ದೀರಿ. ತೆರೆಯುವ ಪಟ್ಟಿ ತಯಾರಾಗುವಾಗ ಒಂದನೆಯ ತರಗತಿಯನ್ನು ಒಂದನೆಯ ಸಾಲಿನಲ್ಲಿ ಬರೆಯಿರಿ. ಪಾರ್ಕು, ಸಿನಿಮಾ, ನನ್ನ ಶಿಷ್ಯನ ರಾಟೆ, ಎಲ್ಲವೂ ಆಮೇಲೆ ಬರಲಿ. ಅವನೂ ಇದನ್ನು ಒಪ್ಪುತ್ತಾನೆ, ಕೇಳಿದ್ದೇನೆ.

ಜಾತ್ರೆಗಳು ಮತ್ತೆ ನಡೆಯತೊಡಗಿದ ಮೇಲೆ ಅವನು ಸಾಲ ಮಾಡಿ, ತುಕ್ಕು ಹಿಡಿದ ತೊಟ್ಟಿಲುಗಳನ್ನು ಬದಲಿಸಿ, ರಾಟೆಯನ್ನು ಮತ್ತೆ ನಿಲ್ಲಿಸಿದ. ಸಾಲ ಇನ್ನೂ ತೀರಿಲ್ಲವಂತೆ. ಹುಡುಗಿ ಈಗ ಹೈಸ್ಕೂಲಿನ ಹೊಸ್ತಿಲಿನಲ್ಲಿದ್ದಾಳೆ. ಜಾತ್ರೆಯಿಲ್ಲದ ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾಳೆ. ಓದುತ್ತಾಳೆ, ಆದರೆ ಇಂದಿಗೂ ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಮುಂದಿನ ಭಾನುವಾರ ಬಂದಾಗ ಆ ಅರ್ಜಿಯನ್ನು ಅವಳ ಕೈಗೆ ಕೊಟ್ಟು ಓದಿಸಬೇಕೆಂದಿದ್ದೇನೆ. ನನ್ನ ಕೈಬರಹ ದೊಡ್ಡವರಿಗೇ ಕಷ್ಟ, ನೋಡೋಣ.